ಜನವರಿ ಜಾಥಾ ಮುಗಿದ ಮೇಲೆ: ಹೆದ್ದಾರಿ ಪಕ್ಕದ ಊರಿಗೆ ರಸ್ತೆ ಸುರಕ್ಷತೆಯ ಪಾಠ

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕ. ನಮ್ಮ ಶಾಲೆ ಕಲಬುರಗಿ ರಸ್ತೆಯ ಪಕ್ಕದಲ್ಲೇ ಇದೆ. ಸುತ್ತಲಿನ ಹಳ್ಳಿ, ತಾಂಡಾಗಳಿಂದ ಮಕ್ಕಳು ನಡೆದು, ಸೈಕಲ್ ತುಳಿದು ಬರುತ್ತಾರೆ. ಪ್ರತಿ ಜನವರಿಯಲ್ಲಿ ಜಾಥಾ, ಪ್ರಬಂಧ ಸ್ಪರ್ಧೆ, ಅಧಿಕಾರಿಗಳ ಭಾಷಣ ನಡೆಯುತ್ತದೆ. ಆದರೂ ಕಬ್ಬಿನ ಹಂಗಾಮು ಬಂತೆಂದರೆ ಅಪಘಾತ ತಪ್ಪುವುದಿಲ್ಲ. ಈ ವರ್ಷ ಗ್ರಾಮ ಪಂಚಾಯಿತಿಯವರೂ ಕೈಜೋಡಿಸುತ್ತೇವೆ ಎಂದಿದ್ದಾರೆ. ಬೈಕು, ಟ್ರ್ಯಾಕ್ಟರ್ ಓಡಿಸುವವರು, ಸೈಕಲ್ ಮಕ್ಕಳು, ನಡೆದು ಹೋಗುವವರು ಎಲ್ಲರಿಗೂ ಉಪಯೋಗವಾಗುವಂತೆ ಏನು ಮಾಡಬಹುದು?

ಉತ್ತರ: ಗುರುಗಳೇ, ಬೇಕಾದ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ. ಅಪಘಾತ ಕಬ್ಬಿನ ಹಂಗಾಮಿನಲ್ಲಿ ಹೆಚ್ಚುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಅದಕ್ಕೊಂದು ಕಾಲವಿದೆ. ವಿಚಾರಿಸಿದರೆ ಒಂದು ಹೊತ್ತು, ಒಂದೆರಡು ಜಾಗಗಳೂ ಇವೆ ಎಂದು ತಿಳಿಯುತ್ತದೆ. ಪಾಠವೂ ಅಷ್ಟೇ ಖಚಿತವಾಗಿರಬೇಕು. ಗೋಡೆಯ ಮೇಲೆ ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಬರೆಸಿದರೆ ಅದನ್ನು ಓದಿದ ಪ್ರತಿಯೊಬ್ಬನೂ ಇದು ಬೇರೆಯವರಿಗೆ ಹೇಳಿದ ಮಾತು ಎಂದುಕೊಂಡು ಮುಂದೆ ಹೋಗುತ್ತಾನೆ.

ಮೊದಲು ಒಂದು ಕಹಿ ಸಂಗತಿ. ಮಕ್ಕಳಿಗೆ ಕೊಡುವ ರಸ್ತೆ ಶಿಕ್ಷಣದ ಬಗ್ಗೆ ಹಲವು ದೇಶಗಳಲ್ಲಿ ನಡೆದ ಪ್ರಯೋಗಗಳನ್ನು ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪರಿಶೀಲನಾ ಸಂಸ್ಥೆ 2002ರಲ್ಲಿ ಒಟ್ಟಾಗಿ ನೋಡಿತು. ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ, ರಸ್ತೆ ದಾಟುವ ರೀತಿಯೂ ಸುಧಾರಿಸುತ್ತದೆ, ಆದರೆ ಕಲಿತದ್ದು ದಿನ ಕಳೆದಂತೆ ಮಾಸುತ್ತದೆ, ಮತ್ತೆ ಮತ್ತೆ ಹೇಳಿಕೊಡಬೇಕಾಗುತ್ತದೆ ಎಂಬುದು ಅದರಿಂದ ತಿಳಿದದ್ದು. ಗಾಯ, ಸಾವು ಕಡಿಮೆಯಾಗುತ್ತವೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಲೈಸೆನ್ಸ್ ಪಡೆದ ಚಾಲಕರಿಗೆ ನಡೆಸುವ ತರಗತಿಗಳ ಪರಿಶೀಲನೆಯಲ್ಲೂ ಫಲ ಹೆಚ್ಚು ಭಿನ್ನವಾಗಿರಲಿಲ್ಲ. ಇದನ್ನು ಕೇಳಿ ಕೈಚೆಲ್ಲಬೇಡಿ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಕೂಡಿಸಿ ಹೇಳಿದ ಮಾತು ರಸ್ತೆಗೆ ಇಳಿಯುವುದಿಲ್ಲ ಎಂಬುದಷ್ಟೇ ಇದರ ಅರ್ಥ. ಪಾಠ ರಸ್ತೆಯ ಬದಿಯಲ್ಲೇ ನಡೆಯಬೇಕು, ಮೈಗೂಡುವ ತನಕ ನಡೆಯಬೇಕು, ಅದರ ಜೊತೆಗೇ ಆ ರಸ್ತೆಯೂ ದುರಸ್ತಿಯಾಗಬೇಕು.

ಆದ್ದರಿಂದ ಭಾಷಣಕಾರರನ್ನು ಹುಡುಕುವ ಮೊದಲು ಒಂದು ನಕ್ಷೆ ಮಾಡಿಸಿ. ಒಂಬತ್ತನೇ ತರಗತಿಯ ಮಕ್ಕಳು ದೊಡ್ಡ ಹಾಳೆಯ ಮೇಲೆ ಊರಿನ ರಸ್ತೆ ಬರೆಯಲಿ. ಬಸ್ ನಿಲ್ದಾಣ, ಶಾಲೆಯ ಗೇಟು, ಕಿರಾಣಿ ಅಂಗಡಿ, ತಾಂಡಾದ ದಾರಿ ಹೆದ್ದಾರಿಗೆ ಸೇರುವ ಜಾಗ, ಹೊಲದಿಂದ ಟ್ರ್ಯಾಕ್ಟರ್ ಏರಿ ಬರುವ ಇಳಿಜಾರು ಎಲ್ಲವನ್ನೂ ಗುರುತಿಸಲಿ. ಆಮೇಲೆ ಮನೆಮನೆಗೆ ಹೋಗಿ, ಕಳೆದ ಮೂರು ವರ್ಷಗಳಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಯಾರು ಬಿದ್ದರು ಎಂದು ಕೇಳಿ ಚುಕ್ಕೆ ಇಡಲಿ. ಠಾಣೆಯ ದಾಖಲೆಗೆ ಹೋಗದ ಪೆಟ್ಟುಗಳು, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳು ಆಶಾ ಕಾರ್ಯಕರ್ತೆಗೆ, ಹೋಟೆಲ್ ಇಟ್ಟವರಿಗೆ, ಪಂಕ್ಚರ್ ಅಂಗಡಿಯವರಿಗೆ ಗೊತ್ತಿರುತ್ತವೆ. ಚುಕ್ಕೆಗಳು ಎರಡು ಮೂರು ಕಡೆ ಗುಂಪಾಗಿ ನಿಲ್ಲುತ್ತವೆ. ನಿಮ್ಮ ವರ್ಷದ ಕೆಲಸ ಆ ಎರಡು ಮೂರು ಜಾಗಗಳಲ್ಲಿದೆ.

ಈಗ ವಾಹನ ಓಡಿಸುವವರ ವಿಷಯ. ಬೈಕ್ ಓಡಿಸುವ ಹುಡುಗರಿಗೆ ‘ನಿಧಾನವಾಗಿ ಹೋಗಿ’ ಎಂದರೆ ತಲೆಯಾಡಿಸುತ್ತಾರೆ. ಅದಕ್ಕಿಂತ ಅಳತೆ ತೋರಿಸಿ. ಶಾಲೆಯ ಮೈದಾನದಲ್ಲಿ, ಜಾಗ ಸಾಲದಿದ್ದರೆ ಊರ ಹೊರಗಿನ ಯಾವುದಾದರೂ ಬಯಲಿನಲ್ಲಿ, ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯಿರಿ. ಅಲ್ಲಿ ಒಂದು ಮಗು ಅಡ್ಡ ಬಂತು ಎಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಬೈಕು ಮಗುವನ್ನು ಕಂಡ ಕ್ಷಣದಿಂದ ಪೂರ್ತಿ ನಿಲ್ಲುವ ಹೊತ್ತಿಗೆ ಎಷ್ಟು ದೂರ ಬಂದಿರುತ್ತದೆ ಎಂದು ಒಬ್ಬೊಬ್ಬರನ್ನೂ ಕೇಳಿ, ಅವರು ಹೇಳಿದ ಕಡೆ ಅವರನ್ನೇ ನಿಲ್ಲಿಸಿ. ನಾನು ಕಂಡಂತೆ ಹೆಚ್ಚಿನವರು ಹತ್ತು ಹದಿನೈದು ಹೆಜ್ಜೆಯಲ್ಲಿ ನಿಂತುಬಿಡುತ್ತಾರೆ. ಆಮೇಲೆ ಟೇಪು ಹಿಡಿದು ಅಳೆಯಿರಿ. ಆ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ಕಂಡು, ಮನಸ್ಸು ತೀರ್ಮಾನಿಸಿ, ಕೈ ಬ್ರೇಕ್ ಹಿಡಿಯುವ ಹೊತ್ತಿಗೆ ಒಂದೂವರೆ ಸೆಕೆಂಡ್ ಎಂದರೂ 25 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ ಬ್ರೇಕ್ ಹಿಡಿದ ಮೇಲೆ ಇನ್ನೂ 20 ಮೀಟರ್ ಬೇಕು. ಒಟ್ಟು 45 ಮೀಟರ್. ಗಂಟೆಗೆ 40 ಕಿ.ಮೀ. ಇದ್ದರೆ ಸುಮಾರು 26 ಮೀಟರ್ ಸಾಕು, 80 ಆದರೆ 70 ಮೀಟರಿನ ಹತ್ತಿರ ಬೇಕು. ಮೂರೂ ಕಡೆ ಸುಣ್ಣದ ಗೆರೆ ಎಳೆದು, ಹುಡುಗರನ್ನು 80ರ ಗೆರೆಯಿಂದ ಮಗುವಿನ ಗೆರೆಯವರೆಗೆ ನಡೆಸಿ. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ ಎಂಬ ಭೌತವಿಜ್ಞಾನದ ಪಾಠ ಆ ನಡಿಗೆಯಲ್ಲಿ ಕಾಲಿಗೆ ತಿಳಿಯುತ್ತದೆ. ಈ ಪ್ರಯೋಗಕ್ಕೆ ಬೈಕ್ ಓಡಿಸಿ ತೋರಿಸುವ ಅಗತ್ಯವೇ ಇಲ್ಲ, ಓಡಿಸಲೂ ಬೇಡಿ.

ಅದೇ ಬಯಲಿನಲ್ಲಿ ಕತ್ತಲಾದ ಮೇಲೆ ಎರಡನೇ ಪಾಠ. ಪಾಲಕರೂ ಬರಲಿ. ನಿಂತ ಬೈಕಿನ ಹೆಡ್‌ಲೈಟನ್ನು ಡಿಮ್‌ನಲ್ಲಿ ಇಟ್ಟು, ಕಪ್ಪು ಅಥವಾ ನೀಲಿ ಅಂಗಿ ತೊಟ್ಟ ಒಬ್ಬರು ಅದರ ಮುಂದೆ ನಡೆಯುತ್ತಾ ದೂರ ಹೋಗಲಿ. ಬೈಕಿನ ಹಿಂದೆ ನಿಂತವರು ‘ಕಾಣುತ್ತಿಲ್ಲ’ ಎಂದು ಕೂಗಿದ ಕಡೆ ಒಂದು ಕಲ್ಲು ಇಡಿ. ಅದು ಸಾಮಾನ್ಯವಾಗಿ 25ರಿಂದ 30 ಮೀಟರಿನ ಆಸುಪಾಸಿನಲ್ಲಿರುತ್ತದೆ. ಬಿಳಿ ಅಂಗಿಯವರು ಇನ್ನಷ್ಟು ದೂರ ಕಾಣುತ್ತಾರೆ. ತೋಳಿಗೆ, ಚೀಲಕ್ಕೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿಕೊಂಡವರು ನೂರು ಮೀಟರ್ ದಾಟಿದರೂ ಮಿನುಗುತ್ತಾರೆ. ಈಗ ಮೊದಲ ಪಾಠದ 45 ಮೀಟರನ್ನು ನೆನಪಿಸಿ. ಕಪ್ಪು ಅಂಗಿಯವನು ಕಾಣುವುದು 30 ಮೀಟರಿಗೆ, ಬೈಕು ನಿಲ್ಲಲು ಬೇಕಾದದ್ದು 45 ಮೀಟರ್. ಸವಾರ ಎಷ್ಟೇ ಒಳ್ಳೆಯವನಾಗಿದ್ದರೂ ಅವನಿಗೆ ನಿಲ್ಲಿಸಲು ಆಗುವುದಿಲ್ಲ. ಇಲ್ಲಿಯವರೆಗೆ ಬಂದ ಮೇಲೆ ಜನರೇ ಮಾತು ಶುರು ಮಾಡುತ್ತಾರೆ. ರಾತ್ರಿ ಡಿಮ್ ಲೈಟಿನಲ್ಲಿ 40 ದಾಟಬಾರದು ಎಂಬುದನ್ನು ಬೈಕಿನವರು ಹೇಳುತ್ತಾರೆ, ಪಟ್ಟಿ ಎಲ್ಲಿ ಸಿಗುತ್ತದೆ ಎಂದು ತಾಯಂದಿರು ಕೇಳುತ್ತಾರೆ. ಒಂದು ಸುರುಳಿ ಪಟ್ಟಿ ತರಿಸಿದರೆ ಇಡೀ ಶಾಲೆಯ ಚೀಲ, ಸೈಕಲ್‌ಗಳಿಗೆ ಸಾಕಾಗುತ್ತದೆ. ಪಂಚಾಯಿತಿಗೆ ಇದು ಹೊರೆಯಾಗುವ ಖರ್ಚಲ್ಲ.

ಇನ್ನು ಕಬ್ಬಿನ ಟ್ರ್ಯಾಕ್ಟರ್. ನಿಮ್ಮ ಕಡೆಯ ನಿಜವಾದ ಅಪಾಯ ಇದೇ ಎಂದು ನನ್ನ ಅನಿಸಿಕೆ, ಅದರಲ್ಲೂ ಕತ್ತಲಲ್ಲಿ ರಸ್ತೆ ಬದಿಗೆ ಕೆಟ್ಟು ನಿಂತ ಡಬಲ್ ಟ್ರೇಲರ್. ಟ್ರೇಲರಿಗೆ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ರಿಫ್ಲೆಕ್ಟರ್ ಪಟ್ಟಿ ಇರಬೇಕು ಎಂಬುದು ನಿಯಮ. ಪಟ್ಟಿ ಇದ್ದರೂ ಒಂದು ತೊಡಕಿದೆ. ಕಬ್ಬು ಹೇರಿದಾಗ ಸೋಗೆ ಹಿಂದಕ್ಕೆ ಇಳಿಬಿದ್ದು ಪಟ್ಟಿಯನ್ನೂ ದೀಪವನ್ನೂ ಮುಚ್ಚಿಬಿಡುತ್ತದೆ. ಹಿಂದಿನಿಂದ ಬರುವವನಿಗೆ ಕಾಣುವುದು ಕತ್ತಲಲ್ಲಿ ಬೆರೆತುಹೋದ ಕಂದು ಗೋಡೆ. ಆದ್ದರಿಂದ ಪಟ್ಟಿಯನ್ನು ಟ್ರೇಲರಿನ ತಗಡಿಗಲ್ಲ, ಹೇರು ಕಟ್ಟಿದ ಮೇಲೆ ಅದರ ಬೆನ್ನಿಗೆ ಕಟ್ಟಬೇಕು. ಅಗಲವಾದ ಗೋಣಿತಟ್ಟಿಗೆ ಪಟ್ಟಿ ಹೊಲಿದು, ನಾಲ್ಕು ಮೂಲೆಗೆ ಹಗ್ಗ ಹಾಕಿಟ್ಟರೆ ಹಂಗಾಮು ಪೂರ್ತಿ ಬರುತ್ತದೆ. ನಿಮ್ಮ ಊರಿನ ಸ್ತ್ರೀಶಕ್ತಿ ಸಂಘದವರು ಹೊಲಿದುಕೊಡಬಹುದು. ಕೆಟ್ಟು ನಿಂತಾಗ ಹಿಂದೆ ಒಂದೆರಡು ಕಲ್ಲು ಇಟ್ಟು, ಗಾಡಿ ಸರಿಯಾದ ಮೇಲೆ ಕಲ್ಲುಗಳನ್ನು ಅಲ್ಲೇ ಬಿಟ್ಟು ಹೋಗುವ ರೂಢಿ ಇದೆ. ಆ ಕಲ್ಲು ಮತ್ತೊಬ್ಬ ಬೈಕಿನವನ ಪ್ರಾಣ ತೆಗೆಯುತ್ತದೆ. ಇದನ್ನು ಬಿಡಿಸಿ ಹೇಳಬೇಕು.

ಆದರೆ ಆ ಚಾಲಕರು ನಿಮ್ಮ ಸಭೆಗೆ ಬರುವುದಿಲ್ಲ. ಅವರಲ್ಲಿ ಅನೇಕರು ಬೇರೆ ಊರಿನವರು, ಮಹಾರಾಷ್ಟ್ರದ ಕಡೆಯಿಂದ ಬಂದವರೂ ಇರುತ್ತಾರೆ. ಹಾಗಾಗಿ ಅವರಿದ್ದಲ್ಲಿಗೆ ನೀವೇ ಹೋಗಬೇಕು. ಭೂಸನೂರಾಗಲಿ, ಅಫಜಲಪುರ ತಾಲ್ಲೂಕಿನ ಹಾವಳಗಾ ಆಗಲಿ, ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ತೂಕಕ್ಕಾಗಿ ಸರದಿ ಕಾಯುತ್ತಾ ಅವರು ಗಂಟೆಗಟ್ಟಲೆ ಕೂತಿರುತ್ತಾರೆ. ಚಹಾ ಕುಡಿಯುತ್ತಾ ಕೂತ ಆ ಹೊತ್ತಿನಂಥ ತರಗತಿ ಬೇರೆ ಸಿಗದು. ಕಾರ್ಖಾನೆಯ ಕಬ್ಬು ವಿಭಾಗದವರ ಒಪ್ಪಿಗೆ ಪಡೆದು, ಸಂಚಾರ ಪೊಲೀಸರನ್ನೋ ಆರ್‌ಟಿಒ ಕಚೇರಿಯವರನ್ನೋ ಕರೆದುಕೊಂಡು ಹೋಗಿ. ದಂಡದ ಮಾತು ಆಮೇಲೆ ಇರಲಿ, ಮೊದಲು ಗೋಣಿತಟ್ಟು ಕೊಟ್ಟು ಕಟ್ಟಿಸಿ ತೋರಿಸಿ. ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡು ಹೋಗುವ ವಿಷಯವನ್ನೂ ಅಲ್ಲೇ ಎತ್ತಿ. ಹಿಂದಿನ ಬಸ್ಸಿನ ಹಾರ್ನು ಕೇಳದೆ ಬಲಕ್ಕೆ ತಿರುಗಿಸಿದ ಟ್ರ್ಯಾಕ್ಟರ್‌ಗಳ ಕಥೆ ಅವರಿಗೇ ಗೊತ್ತಿರುತ್ತದೆ, ಅವರ ಬಾಯಿಂದಲೇ ಹೇಳಿಸಿ. ಮಾತು ಮರಾಠಿಯಲ್ಲಿ, ಲಂಬಾಣಿಯಲ್ಲಿ, ದಖನಿ ಉರ್ದುವಿನಲ್ಲಿ ನಡೆದರೆ ಇನ್ನೂ ಒಳ್ಳೆಯದು. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಈ ಭಾಷೆಯವರು ಸಿಗುತ್ತಾರೆ.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವವರು ಬಲಬದಿಯಲ್ಲಿ, ಎದುರು ಬರುವ ವಾಹನಕ್ಕೆ ಮುಖ ಮಾಡಿ ನಡೆಯಬೇಕು. ಸೈಕಲ್ ಮಾತ್ರ ವಾಹನ, ಅದು ಎಡಬದಿಯಲ್ಲೇ ಹೋಗಬೇಕು. ಈ ಎರಡನ್ನು ಒಟ್ಟಿಗೆ ಹೇಳಿದಾಗ ಮಕ್ಕಳಿಗೆ ಗೊಂದಲವಾಗಿ ಎದುರುದಿಕ್ಕಿನಲ್ಲಿ ಸೈಕಲ್ ತುಳಿಯುವವರೂ, ಬೆನ್ನು ತೋರಿಸಿ ನಡೆಯುವವರೂ ಹೆಚ್ಚುತ್ತಾರೆ. ಆದ್ದರಿಂದ ಬೇರೆ ಬೇರೆ ವಾರಗಳಲ್ಲಿ, ಬೇರೆ ಬೇರೆ ಗುಂಪುಗಳಿಗೆ ಕಲಿಸಿ. ಇಬ್ಬರು ಮೂವರು ಅಕ್ಕಪಕ್ಕ ಮಾತಾಡುತ್ತಾ ತುಳಿಯುವುದು, ಟ್ರ್ಯಾಕ್ಟರಿನ ಹಿಂಬದಿ ಹಿಡಿದು ಎಳೆಸಿಕೊಂಡು ಹೋಗುವುದು, ಇವೆರಡನ್ನು ಬಿಡಿಸಲು ಶಿಕ್ಷಕರಿಗಿಂತ ಹತ್ತನೇ ತರಗತಿಯ ಅಣ್ಣ, ಅಕ್ಕಂದಿರ ಮಾತು ಹೆಚ್ಚು ನಡೆಯುತ್ತದೆ. ಹೆದ್ದಾರಿ ದಾಟುವಾಗ ಸೈಕಲ್‌ನಿಂದ ಇಳಿದು ತಳ್ಳಿಕೊಂಡೇ ದಾಟುವುದು ಶಾಲೆಯ ಕಡ್ಡಾಯ ನಿಯಮವಾಗಲಿ.

ದಾಟುವುದನ್ನು ಕಲಿಸುವಾಗ ಮಕ್ಕಳ ವಯಸ್ಸು ನೋಡಬೇಕು. ಸುಮಾರು ಹತ್ತು ವರ್ಷದವರೆಗೆ ಮಕ್ಕಳಿಗೆ ಎದುರು ಬರುವ ವಾಹನದ ವೇಗವನ್ನು ಸರಿಯಾಗಿ ಅಂದಾಜಿಸಲು ಆಗುವುದಿಲ್ಲ. ಅದು ಅವರ ಅಜಾಗರೂಕತೆಯಲ್ಲ, ಕಣ್ಣು ಮತ್ತು ಮೆದುಳು ಇನ್ನೂ ಆ ಕೆಲಸಕ್ಕೆ ಪಳಗಿರುವುದಿಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ‘ನೋಡಿ ದಾಟು’ ಎಂದು ಹೇಳಿ ಜವಾಬ್ದಾರಿ ಕೊಡವಿಕೊಳ್ಳುವುದು ತಪ್ಪು. ಆ ವಯಸ್ಸಿನವರನ್ನು ದೊಡ್ಡವರೇ ದಾಟಿಸಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ ದಿನಕ್ಕಿಬ್ಬರು ಪಾಲಕರು ಬೆಳಗ್ಗೆ ಮತ್ತು ಸಂಜೆ ಗೇಟಿನ ಹತ್ತಿರ ನಿಂತರೆ ಇಡೀ ವರ್ಷದ ಭಾಷಣಕ್ಕಿಂತ ಹೆಚ್ಚು ಉಪಕಾರ. ದೊಡ್ಡ ಮಕ್ಕಳಿಗೆ ನಿಮ್ಮ ನಕ್ಷೆಯ ಚುಕ್ಕೆಗಳಿರುವ ಜಾಗಕ್ಕೇ ಕರೆದೊಯ್ದು ಕಲಿಸಿ. ಬಸ್ಸಿನಿಂದ ಇಳಿದು ಅದರ ಮುಂದಿನಿಂದ ಓಡಿ ದಾಟುವುದು ನಮ್ಮ ಕಡೆ ಮಾಮೂಲು. ನಿಂತ ಬಸ್ಸಿನ ಮುಂದೆ ಒಂದು ಮಗುವನ್ನು ನಿಲ್ಲಿಸಿ, ಉಳಿದವರನ್ನು ಹಿಂದಿನಿಂದ ಬರುವ ಬೈಕಿನವನ ಜಾಗದಲ್ಲಿ ನಿಲ್ಲಿಸಿ, ಕಾಣುತ್ತಿದೆಯೇ ಎಂದು ಕೇಳಿ. ಬಸ್ಸು ಹೊರಟು ಹೋಗುವವರೆಗೆ ಕಾಯುವ ಅಭ್ಯಾಸ ಹೀಗೆ ಬರುತ್ತದೆ. ಬಸ್ ಚಾಲಕರ ಸಹಕಾರಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಆಳಂದ ಡಿಪೊಗೆ ಒಂದು ಪತ್ರ ಬರೆಯಿರಿ.

ತೊಗರಿಯ ವಿಷಯವನ್ನೂ ಬಿಡುವಂತಿಲ್ಲ. ಡಿಸೆಂಬರ್, ಜನವರಿಯಲ್ಲಿ ರಸ್ತೆಯ ಮೇಲೆಯೇ ರಾಶಿ ಮಾಡುವ ಊರುಗಳು ನಮ್ಮಲ್ಲಿ ಈಗಲೂ ಇವೆ. ಒಣ ಕಟ್ಟಿಗೆಯ ಮೇಲೆ ಬೈಕಿನ ಚಕ್ರ ಜಾರುತ್ತದೆ, ಕಟ್ಟಿಗೆ ಕಾರಿನ ಕೆಳಗೆ ಸಿಕ್ಕಿ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ, ರಾಶಿಯ ಹತ್ತಿರ ಕೆಲಸ ಮಾಡುವ ಹೆಣ್ಣುಮಕ್ಕಳ ಮೇಲೆ ವಾಹನ ಹರಿಯುವ ಅಪಾಯವೂ ಇದೆ. ರೈತರನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಕಣ ಮಾಡಲು ಗಟ್ಟಿ ನೆಲವಿಲ್ಲದವನು ರಸ್ತೆಗೆ ಬರುತ್ತಾನೆ. ಊರಿಗೊಂದು ಸಾಮೂಹಿಕ ಒಕ್ಕಣೆ ಕಣವನ್ನು ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ನನ್ನ ದೃಷ್ಟಿಯಲ್ಲಿ ಅದೂ ರಸ್ತೆ ಸುರಕ್ಷತೆಯ ಕೆಲಸವೇ.

ಹೆಲ್ಮೆಟ್ ಬಗ್ಗೆ ಉದ್ದಕ್ಕೆ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಹಿಂದೆ ಕೂತವರು. ನಮ್ಮ ಜಿಲ್ಲೆಯಲ್ಲಿ ಮೊದಲ ಆಕ್ಷೇಪ ಬಿಸಿಲು, ಮತ್ತು ಅದು ಸುಳ್ಳಲ್ಲ. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಹೆಲ್ಮೆಟ್ ಹಾಕಿಕೊಳ್ಳುವುದು ಕಷ್ಟವೇ. ಗಾಳಿಯಾಡುವ ರಂಧ್ರಗಳಿರುವ, ಐಎಸ್‌ಐ ಗುರುತಿನ ಹೆಲ್ಮೆಟ್ ಆರಿಸಿ, ಒಳಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡರೆ ಬೆವರನ್ನು ಅದು ಹೀರುತ್ತದೆ. ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯದಿದ್ದರೆ ಪೆಟ್ಟು ಬೀಳುವ ಮೊದಲೇ ಹೆಲ್ಮೆಟ್ ಹಾರಿಹೋಗುತ್ತದೆ. ನಾಲ್ಕು ವರ್ಷ ಮೇಲ್ಪಟ್ಟ ಎಲ್ಲರಿಗೂ ಕಾನೂನಿನ ಪ್ರಕಾರ ಹೆಲ್ಮೆಟ್ ಬೇಕು, ಹಿಂದೆ ಕೂತ ಹೆಂಡತಿ ಮಕ್ಕಳಿಗೂ.

ಎಂಟು, ಒಂಬತ್ತನೇ ತರಗತಿಯ ಹುಡುಗರು ಬೈಕ್ ಓಡಿಸುವುದಕ್ಕೆ ಪಾಲಕರ ಸಭೆಯಲ್ಲಿ ಹೇಳಬೇಕಾದ ಮಾತು ಒಂದೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ವಾಹನದ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಲೈಸೆನ್ಸ್ ಇಲ್ಲದವನಿಂದ ಯಾರಾದರೂ ಸತ್ತರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಹೊಲ ಮಾರುವ ಪರಿಸ್ಥಿತಿ ಬರುತ್ತದೆ ಎಂಬುದು ಅಪ್ಪಂದಿರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ರಸ್ತೆಯನ್ನೇ ಸರಿಮಾಡಿಸುವ ಮಾತು. ಅಪಘಾತವಾದ ಮರುದಿನ ಊರವರು ಸಿಟ್ಟಿನಿಂದ ಮಣ್ಣು, ಕಲ್ಲು ಹಾಕಿ ಹಂಪ್ ಮಾಡುವುದುಂಟು. ದಯವಿಟ್ಟು ಬೇಡ. ಗುರುತಿಲ್ಲದ, ಕಡಿದಾದ ಹಂಪ್ ಬೈಕಿನ ಹಿಂದೆ ಕೂತವರನ್ನು ಎತ್ತಿ ಒಗೆಯುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರುತ್ತದೆ, ಅದಕ್ಕೆ ಬಣ್ಣ ಮತ್ತು ಮುಂಚೆಯೇ ಫಲಕ ಬೇಕು. ಎಲ್ಲಿ ಯಾವುದು ಹಾಕಬೇಕು ಎಂಬುದನ್ನು ಎಂಜಿನಿಯರ್ ತೀರ್ಮಾನಿಸಬೇಕು. ನೀವು ಮಾಡಬೇಕಾದದ್ದು ಮಕ್ಕಳ ನಕ್ಷೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸಿ, ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳುಹಿಸುವುದು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳು, ಇಲ್ಲವೇ 10 ಸಾವುಗಳು ಆಗಿದ್ದರೆ ಅದನ್ನು ಬ್ಲ್ಯಾಕ್ ಸ್ಪಾಟ್ ಎಂದು ಪರಿಗಣಿಸುತ್ತಾರೆ. ನಿಮ್ಮ ಚುಕ್ಕೆಗಳನ್ನು ಆ ಅಳತೆಗೆ ಹೊಂದಿಸಿ ಬರೆದರೆ ಅರ್ಜಿಗೆ ತೂಕ ಬರುತ್ತದೆ. ಶಾಲೆಯ ಮುಂದೆ ವಾಹನದ ವೇಗ ಗಂಟೆಗೆ 30 ಕಿ.ಮೀ. ದಾಟದಂತೆ ಮಾಡಿ ಎಂದೇ ಕೇಳಿ. ಆ ವೇಗದಲ್ಲಿ ಡಿಕ್ಕಿಯಾದರೂ ಬಹುಪಾಲು ಪಾದಚಾರಿಗಳು ಬದುಕುತ್ತಾರೆ, 50 ದಾಟಿದಂತೆ ಸಾವಿನ ಸಾಧ್ಯತೆ ಒಮ್ಮೆಗೇ ಏರುತ್ತದೆ.

ಅಪಘಾತ ನಡೆದಾಗ ಜನ ಗುಂಪುಗೂಡಿ ನೋಡುತ್ತಾರೆಯೇ ಹೊರತು ಮುಟ್ಟಲು ಹೆದರುತ್ತಾರೆ. ಪೊಲೀಸ್, ಕೋರ್ಟು ಅಲೆದಾಟದ ಭಯ. ಕಾಯ್ದೆಯ 134ಎ ಕಲಮು ಸಹಾಯಕ್ಕೆ ಬಂದವರನ್ನು ರಕ್ಷಿಸುತ್ತದೆ, ಹೆಸರು ವಿಳಾಸ ಕೊಡಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ, ರಕ್ತ ಸೋರುವ ಕಡೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯುವುದು, ನೀರು ಕುಡಿಸದಿರುವುದು, ಕುತ್ತಿಗೆ ಬೆನ್ನು ತಿರುಚದಂತೆ ನೋಡಿಕೊಳ್ಳುವುದು, ಇಷ್ಟನ್ನು ಹೆದ್ದಾರಿ ಬದಿಯ ಹೋಟೆಲ್, ಅಂಗಡಿಯವರಿಗೆ ಕಲಿಸಿ, ಅವರೇ ಅಲ್ಲಿಗೆ ಮೊದಲು ತಲುಪುವವರು. ಕೇಂದ್ರದ 2025ರ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಸೌಲಭ್ಯವಿದೆ. ಡಿಕ್ಕಿ ಹೊಡೆದ ವಾಹನ ಸಿಗದೇ ಹೋದರೂ ಮೃತರ ಕುಟುಂಬಕ್ಕೆ 2 ಲಕ್ಷ, ತೀವ್ರ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರವಿದೆ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬೇಕು. ಎಷ್ಟೋ ಬಡ ಕುಟುಂಬಗಳು ಇದನ್ನು ಕೇಳಿಯೇ ಇಲ್ಲ.

ಕೆಲಸಕ್ಕೆ ಕಾಲ ಹೊಂದಿಸಿಕೊಳ್ಳಿ. ಜನವರಿಗೆ ಕಾಯಬೇಡಿ. ಸೀಗಿ ಹುಣ್ಣಿಮೆಗೆ ಆಳಂದ ದಾಟಿ ತುಳಜಾಪುರಕ್ಕೆ ಪಾದಯಾತ್ರೆ ಹೋಗುವವರು ರಾತ್ರಿಯೆಲ್ಲ ರಸ್ತೆಯಲ್ಲಿರುತ್ತಾರೆ. ಅದಕ್ಕೆ ಮುನ್ನವೇ ಕತ್ತಲ ಪ್ರಯೋಗ ಮುಗಿಸಿ, ಅವರ ಚೀಲಗಳಿಗೂ ಪಟ್ಟಿ ಅಂಟಿಸಿ. ಕಾರ್ಖಾನೆ ಶುರುವಾದ ಮೊದಲ ವಾರದಲ್ಲೇ ಅಂಗಳಕ್ಕೆ ಹೋಗಿ. ಇದೆಲ್ಲಕ್ಕೂ ಮೊದಲು ಒಂದು ಎಣಿಕೆ ಮಾಡಿಡಿ. ಒಂದು ಸಂಜೆ ರಸ್ತೆಯಿಂದ ದೂರ, ಸುರಕ್ಷಿತ ಜಾಗದಲ್ಲಿ ಕೂತು, ಹಾದುಹೋದ ಟ್ರೇಲರ್‌ಗಳಲ್ಲಿ ಎಷ್ಟಕ್ಕೆ ಹಿಂದೆ ಬೆಳಕು ಕಾಣುತ್ತಿತ್ತು, ಬೈಕಿನವರಲ್ಲಿ ಎಷ್ಟು ಜನ ಪಟ್ಟಿ ಬಿಗಿದ ಹೆಲ್ಮೆಟ್ ಹಾಕಿದ್ದರು, ನಡೆದು ಬಂದ ಮಕ್ಕಳಲ್ಲಿ ಎಷ್ಟು ಮಂದಿ ಬಲಬದಿಯಲ್ಲಿದ್ದರು ಎಂದು ದೊಡ್ಡವರು ಬರೆದುಕೊಳ್ಳಲಿ. ಒಂದು ಊರಿನ ಅಪಘಾತಗಳ ಲೆಕ್ಕ ವರ್ಷದಿಂದ ವರ್ಷಕ್ಕೆ ಆಕಸ್ಮಿಕವಾಗಿಯೂ ಏರಿಳಿಯುತ್ತದೆ. ಅದನ್ನೊಂದೇ ನಂಬಿದರೆ ನಿಮ್ಮ ಪಾಠ ಫಲಿಸಿತೋ ಇಲ್ಲವೋ ತಿಳಿಯದು, ಜನರ ನಡವಳಿಕೆಯ ಎಣಿಕೆಯಲ್ಲಿ ತಿಳಿಯುತ್ತದೆ. ಆ ಹಾಳೆಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ, ಹಂಗಾಮಿನ ನಡುವೆ ಒಮ್ಮೆ, ಮುಂದಿನ ವರ್ಷ ಅದೇ ವಾರದಲ್ಲಿ ಇನ್ನೊಮ್ಮೆ, ಅದೇ ಜಾಗದಲ್ಲಿ ಅದೇ ಹೊತ್ತಿಗೆ ಕೂತು ಎಣಿಸಿ.